ಕುರ್ಚಿ ಬಿಟ್ಟು ಏಳಬಾರದು

ನಮ್ಮೂರಿನಲ್ಲಿ ಸುಳ್ಳು ಹೇಳಿದವರ ಕಾಲು ನೆಲ ಬಿಡುತ್ತದೆ. ಸಣ್ಣ ಸುಳ್ಳಿಗೆ ಒಂದು ಬೆರಳು, ದೊಡ್ಡ ಸುಳ್ಳಿಗೆ ಒಂದು ಆಳು. ಇದೇನು ಹೊಸದಲ್ಲ, ನಮ್ಮ ಮುತ್ತಜ್ಜನ ಕಾಲದಿಂದಲೂ ಹೀಗೇ. ಅದಕ್ಕೆ ತಕ್ಕ ಹಾಗೆ ನಾವೂ ಬದುಕು ಮಾಡಿಕೊಂಡಿದ್ದೇವೆ. ನೆಂಟರ ಮನೆಯಲ್ಲಿ ಉಪ್ಪಿಲ್ಲದ ಸಾರು ಉಂಡು ಬಹಳ ಚೆನ್ನಾಗಿತ್ತು ಅನ್ನುವ ಮುಂಚೆ ಬಾಗಿಲ ಚೌಕಟ್ಟು ಹಿಡಿದುಕೊಳ್ಳುವುದು ನಮ್ಮಲ್ಲಿ ಮರ್ಯಾದೆ. ಹೆಣ್ಣು ನೋಡುವ ದಿನ ಎರಡೂ ಕಡೆಯ ತಾಯಂದಿರ ಮಡಿಲಿಗೆ ಒಂದೊಂದು ಗುಂಡುಕಲ್ಲು ಕೊಟ್ಟೇ ಮಾತಿಗೆ ಕೂರಿಸುತ್ತಾರೆ. ನಾಟಕದವರು ರಾಜನ ಪಾತ್ರದವನನ್ನು ಸಿಂಹಾಸನಕ್ಕೆ ಹಗ್ಗದಲ್ಲಿ ಬಿಗಿದ ಮೇಲೆಯೇ ಪರದೆ ಎತ್ತುತ್ತಾರೆ. ಸಣ್ಣ ಸುಳ್ಳಾದರೆ ಎರಡು ಉಸಿರಾಡುವಷ್ಟರಲ್ಲಿ ಮನುಷ್ಯ ತಾನಾಗಿ ಇಳಿಯುತ್ತಾನೆ. ದೊಡ್ಡದಾದರೆ ನಿಜ ಹೇಳಿಯೇ ಇಳಿಯಬೇಕು. ಕಾಗದಕ್ಕೆ ಮಾತ್ರ ಈ ಕಾಟವಿಲ್ಲ, ಏನು ಬೇಕಾದರೂ ಬರೆಯಬಹುದು, ಕಾಲು ನೆಲದ ಮೇಲೇ ಇರುತ್ತದೆ. ನಮ್ಮೂರ ಕಚೇರಿಗಳ ಕಡತಗಳು ಅಷ್ಟೊಂದು ದಪ್ಪ ಇರುವುದು ಅದಕ್ಕೇ.

ನನ್ನ ಹೆಸರು ಮರಿಸಿದ್ದಯ್ಯ, ಸಮಾಜ ಸೇವಾ ಕಚೇರಿಯಲ್ಲಿ ಕೆಲಸ. ಮನೆಮನೆಗೆ ಹೋಗಿ ಗಂಡ ಹೆಂಡಿರ ಜಗಳ, ಅತ್ತೆ ಸೊಸೆಯರ ಮುನಿಸು, ಕುಡುಕರ ಪ್ರತಿಜ್ಞೆ ಎಲ್ಲ ಕೇಳಿ, ಕೈಲಾದಷ್ಟು ಸಮಾಧಾನ ಹೇಳಿ, ಬರೆದುಕೊಂಡು ಬರುತ್ತೇನೆ. ಬೇರೆ ಊರುಗಳಲ್ಲಿ ಈ ಕೆಲಸ ಕಷ್ಟವಂತೆ. ನಮ್ಮಲ್ಲಿ ಇನ್ನು ಮೇಲೆ ಮುಟ್ಟೋದಿಲ್ಲ ಸ್ವಾಮಿ ಅನ್ನುವವನ ಪಾದ ನೋಡಿದರೆ ಸಾಕು, ಮುಖ ನೋಡುವ ಅಗತ್ಯವೇ ಇಲ್ಲ. ನನಗೆ ವಯಸ್ಸು ನಲವತ್ತೇಳು, ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರನ್ನು ನಾನೂ ಯಾಕೆ ಎಂದೇ ಕೇಳುತ್ತೇನೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ನಮ್ಮೂರಿನವರಷ್ಟು ಚೆನ್ನಾಗಿ ಅರಿತವರು ಇಲ್ಲ.

ನನ್ನ ಮೇಜಿನ ಅರ್ಧ ವನಜಾಕ್ಷಿಯವರದು. ಹದಿನಾಲ್ಕು ವರ್ಷದಿಂದ ನಮ್ಮಿಬ್ಬರಿಗೂ ಒಂದೇ ಮೇಜು, ನಡುವೆ ಸೀಮೆಸುಣ್ಣದ ಗೆರೆ. ಮಾಸಿದಾಗಲೆಲ್ಲ ಒಬ್ಬರಲ್ಲ ಒಬ್ಬರು ಮತ್ತೆ ಎಳೆಯುತ್ತೇವೆ. ಅವರಿಗೆ ಕಿಟಕಿ ತೆರೆದಿರಬೇಕು, ನನಗೆ ಮುಚ್ಚಿರಬೇಕು, ಕಾಗದ ಹಾರುತ್ತವೆ. ಅವರು ಕಡಲೆಕಾಯಿ ಸುಲಿದರೆ ಸಿಪ್ಪೆ ಗೆರೆ ದಾಟಿ ನನ್ನ ಕಡತದೊಳಗೆ ಬರುತ್ತದೆ. ನಾನು ಸೀನಿದರೆ ಅವರು ಬರೆಯುತ್ತಿದ್ದ ಅಕ್ಷರ ಅಡ್ಡ ಹೋಗುತ್ತದಂತೆ, ಅದನ್ನು ಜಗತ್ತಿಗೆಲ್ಲ ಹೇಳುತ್ತಾರೆ. ಎಣ್ಣೆ ಸೀಗೆಕಾಯಿ ಎಂದು ಕಚೇರಿಯವರು ನಮಗೆ ಹೆಸರಿಟ್ಟಿದ್ದರು. ಅವರಲ್ಲಿ ಎಣಿಸಬಹುದಾದ ಒಳ್ಳೆಯ ಗುಣ ಒಂದೇ, ಆ ಹೆಂಗಸು ಇಷ್ಟು ವರ್ಷದಲ್ಲಿ ಒಮ್ಮೆಯೂ ನೆಲ ಬಿಟ್ಟವರಲ್ಲ. ಅನ್ನಿಸಿದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ, ಇಲ್ಲವೇ ಸುಮ್ಮನಿರುತ್ತಾರೆ.

ಈ ಊರೇ ಬೇಡ, ಈ ಮೇಜೇ ಬೇಡ ಎಂದು ನಾನು ಹನ್ನೊಂದು ಸಲ ವರ್ಗಾವಣೆಗೆ ಅರ್ಜಿ ಬರೆದೆ. ವರ್ಷಕ್ಕೊಂದು ಎಂದಿಟ್ಟುಕೊಳ್ಳಿ. ಕಚೇರಿಯಿಂದ ಹೊರಗೆ ಹೋಗುವ ಟಪಾಲೆಲ್ಲ ವನಜಾಕ್ಷಿಯವರ ಕೈಯಿಂದಲೇ ಹೋಗಬೇಕು, ಹಾಗಾಗಿ ಅರ್ಜಿಯನ್ನು ಮಡಿಸಿ ಗೆರೆಯಾಚೆ ತಳ್ಳುತ್ತಿದ್ದೆ. ಅವರು ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು. ಒಂದಕ್ಕೂ ಉತ್ತರ ಬರಲಿಲ್ಲ. ಇಲಾಖೆ ನಿದ್ದೆ ಮಾಡುತ್ತಿದೆ ಎಂದೇ ನಾನು ನಂಬಿದ್ದೆ.

ಹೀಗಿರುವಾಗ ಇಲಾಖೆಗೆ ಎಚ್ಚರವಾಯಿತು. ದೊಡ್ಡ ನಗರದಿಂದ ಅರುಂಧತಿ ಮೇಡಂ ಎಂಬವರು ಮೂರು ದಿನದ ತರಬೇತಿ ನಡೆಸಲು ಬರುತ್ತಾರೆ ಎಂದು ಪತ್ರ ಬಂತು. ಆಟ, ಚಿತ್ರ, ಅಭಿನಯ ಇಂಥ ಗುಂಪು ಚಟುವಟಿಕೆಗಳಿಂದ ಸಮಾಜ ಕಾರ್ಯಕರ್ತರ ಮನಸ್ಸು ಅರಳಿಸುವ ತರಬೇತಿಯಂತೆ. ಅದೇ ಪತ್ರದಲ್ಲಿ ಇನ್ನೊಂದು ಮಾತೂ ಇತ್ತು. ಎರಡು ನದಿ ದಾಟಿ ಹೋಗಬೇಕಾದ ಒಂದು ಊರಿನಲ್ಲಿ ಜಾಗ ಖಾಲಿಯಿದೆ, ಈ ತರಬೇತಿಯ ಪ್ರಮಾಣಪತ್ರ ಪಡೆದ ಒಬ್ಬರನ್ನು ಅಲ್ಲಿಗೆ ಕಳಿಸಬೇಕು. ನಮ್ಮ ಮೇಲಧಿಕಾರಿ ಚನ್ನವೀರಪ್ಪನವರು ಕಿಟಕಿ ಜಗಳದಿಂದ ಬೇಸತ್ತಿದ್ದವರು, ಪತ್ರ ಓದಿ ಮುಗಿಸುವ ಮೊದಲೇ ನನ್ನ ಹೆಸರು ಬರೆದರು. ಆದೇಶವನ್ನು ಮೇಡಂ ಕೈಯಲ್ಲೇ ತರುತ್ತಾರೆ, ಮೂರನೆಯ ದಿನ ಪ್ರಮಾಣಪತ್ರದ ಜೊತೆಗೇ ಕೊಡುತ್ತಾರೆ, ಟಪಾಲಿನ ಗೊಡವೆಯೇ ಇಲ್ಲ ಎಂದು ಅವರು ಹೇಳುವಾಗ ವನಜಾಕ್ಷಿಯವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. ನನಗೆ ಖುಷಿಯಾಯಿತೇ ಎಂದು ಎಲ್ಲರೂ ಕೇಳಿದರು. ಬಾಯಲ್ಲಿ ಎಲೆಯಡಿಕೆ ಇತ್ತು, ಹಾಗಾಗಿ ತಲೆಯಾಡಿಸಿದೆ.

ಅರುಂಧತಿ ಮೇಡಂ ಬಂದರು. ಸಣ್ಣ ಆಳು, ದೊಡ್ಡ ಕನ್ನಡಕ, ಎರಡು ಚೀಲದ ತುಂಬ ಬಣ್ಣದ ಕಾಗದ, ಜೇಡಿಮಣ್ಣು, ಉಲ್ಲನ್ ಉಂಡೆ. ಕಚೇರಿಯ ಸಭಾಂಗಣದಲ್ಲಿ ನಮ್ಮನ್ನೆಲ್ಲ ದುಂಡಗೆ ಕೂರಿಸಿ, ಇಷ್ಟು ದೂರ ಬಸ್ಸಿನಲ್ಲಿ ಬಂದರೂ ತಮಗೆ ಒಂದಿಷ್ಟೂ ಆಯಾಸವಾಗಿಲ್ಲ ಎಂದರು. ಹಾಗೆಂದವರು ಒಂದು ಗೇಣು ಮೇಲೆ ಹೋದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ. ನಾವು ಯಾರೂ ನಗಲಿಲ್ಲ, ಅತಿಥಿಗಳನ್ನು ನೋಡಿ ನಗುವುದು ತಪ್ಪು. ಅಟೆಂಡರ್ ಮುನಿಯಮ್ಮ ಮಾತ್ರ ಹತ್ತಿರ ಹೋಗಿ, ಇಲ್ಲಿ ಹಾಗೆಲ್ಲ ಹೇಳಬಾರದಮ್ಮ, ಸೊಂಟ ನೋಯ್ತಿದೆ ಅಂದುಬಿಡಿ ಎಂದು ಪಿಸುಗುಟ್ಟಿದಳು. ಮೇಡಂ ಅಂದರು, ಇಳಿದರು, ಕನ್ನಡಕ ಒರೆಸಿಕೊಂಡು ತಮ್ಮ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು.

ಮೊದಲ ಆಟ ಪರಿಚಯದ್ದು. ಪ್ರತಿಯೊಬ್ಬರೂ ತಮ್ಮ ಹೆಸರಿನ ಮೊದಲ ಅಕ್ಷರದಿಂದಲೇ ಶುರುವಾಗುವ ಒಂದು ಒಳ್ಳೆಯ ಗುಣವನ್ನು ಹೆಸರಿನ ಹಿಂದೆ ಸೇರಿಸಿ ಹೇಳಬೇಕು. ಚನ್ನವೀರಪ್ಪನವರು ಚುರುಕಿನ ಚನ್ನವೀರಪ್ಪ ಎಂದರು. ಒಂದು ಕಡತಕ್ಕೆ ಸಹಿ ಹಾಕಲು ಮೂರು ವಾರ ತೆಗೆದುಕೊಳ್ಳುವವರು, ಟೊಪ್ಪಿಗೆ ತೊಲೆಗೆ ತಗುಲಿತು. ಸಾಕಮ್ಮ ಸಹನೆಯ ಸಾಕಮ್ಮ ಎಂದು ಹೇಳಿ ಮುಗಿಸುವುದಕ್ಕೂ ತಾಳದೆ ಸರಕ್ಕನೆ ಏರಿದಳು. ಪುಟ್ಟಸ್ವಾಮಿ ಪರಾಕ್ರಮದ ಪುಟ್ಟಸ್ವಾಮಿ ಆಗಿ ಅವರ ಪಕ್ಕದಲ್ಲೇ ತೇಲಿದ, ಅವನು ಮನೆಯಲ್ಲಿ ಹೆಂಡತಿಯನ್ನು ಕೇಳದೆ ಕೆಮ್ಮುವವನೂ ಅಲ್ಲ. ನಾನು ಮೃದುಮಾತಿನ ಮರಿಸಿದ್ದಯ್ಯ ಎಂದೆ, ಒಂದು ಮೊಳಕ್ಕಿಂತ ಸ್ವಲ್ಪ ಮೇಲೆ ಹೋದೆ. ವನಜಾಕ್ಷಿಯವರು ಕೂತಲ್ಲೇ ಕೂತು ವಟವಟ ವನಜಾಕ್ಷಿ ಎಂದು ಹೇಳಿ ಕಾಲ ಮೇಲೆ ಕಾಲು ಹಾಕಿಕೊಂಡರು. ಅದು ಒಳ್ಳೆಯ ಗುಣವಲ್ಲವಲ್ಲ ಎಂದು ಮೇಡಂ ಹೇಳಿದ್ದಕ್ಕೆ, ಇರೋದು ಅದೇ, ಬರೆದುಕೊಳ್ಳಿ ಎಂದರು.

ಎರಡನೆಯ ದಿನದ ಉಲ್ಲನ್ ಉಂಡೆಯ ಆಟವನ್ನು ನೆನೆದರೆ ಚನ್ನವೀರಪ್ಪನವರ ಕತ್ತು ಇವತ್ತಿಗೂ ನೋಯುತ್ತದೆ. ದಾರದ ತುದಿ ತಾನು ಹಿಡಿದುಕೊಂಡು, ಇನ್ನೊಬ್ಬರನ್ನು ಹೊಗಳುತ್ತ ಉಂಡೆಯನ್ನು ಅವರತ್ತ ಎಸೆಯಬೇಕು. ಹೀಗೆ ನಮ್ಮ ನಡುವೆ ಪ್ರೀತಿಯ ಬಲೆ ಹೆಣೆದುಕೊಳ್ಳುತ್ತದೆ ಎಂದು ಮೇಡಂ ವಿವರಿಸಿದರು. ಬಲೆಯೇನೋ ಹೆಣೆದುಕೊಂಡಿತು. ಸಾಕಮ್ಮನ ಸಹನೆಯನ್ನು ಪುಟ್ಟಸ್ವಾಮಿ, ಪುಟ್ಟಸ್ವಾಮಿಯ ಧೈರ್ಯವನ್ನು ಚನ್ನವೀರಪ್ಪನವರು, ಚನ್ನವೀರಪ್ಪನವರ ಬುದ್ಧಿಯನ್ನು ಸಾಕಮ್ಮ ಹೊಗಳಿದ್ದೇ ತಡ, ಮೂವರೂ ಹಳದಿ ದಾರದ ಸಮೇತ ಮೇಲೇರಿ ಫ್ಯಾನಿಗೆ ಸುತ್ತಿಕೊಂಡರು. ಪುಣ್ಯಕ್ಕೆ ಮುನಿಯಮ್ಮ ಓಡಿಹೋಗಿ ಸ್ವಿಚ್ಚು ಆರಿಸಿದಳು. ಇಳಿಯಬೇಕಾದರೆ ಒಬ್ಬರ ಬಗ್ಗೆ ಒಬ್ಬರು ನಿಜ ಹೇಳಬೇಕಲ್ಲ, ಹೇಳಿದರು, ಆದರೂ ದಾರದ ಸಿಕ್ಕು ಬಿಡಿಸುವವರೆಗೆ ಫ್ಯಾನಿನಲ್ಲೇ ಜೋತಾಡಿದರು. ಆ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ, ಮೂವರೂ ಇನ್ನೂ ಒಂದೇ ಕಚೇರಿಯಲ್ಲಿದ್ದಾರೆ. ಬರೆದುಕೊಳ್ಳುತ್ತಿದ್ದ ಮೇಡಂ ಪೆನ್ನು ಮಾತ್ರ ನಿಲ್ಲಲಿಲ್ಲ.

ಉಂಡೆ ನನ್ನ ಕೈಗೆ ಬಂದಾಗ ಉಳಿದಿದ್ದವರು ವನಜಾಕ್ಷಿಯವರೊಬ್ಬರೇ. ನಾನು ಗಂಟಲು ಸರಿಮಾಡಿಕೊಂಡು, ಇವರ ಅಕ್ಷರ ಬಹಳ ಚೆನ್ನಾಗಿದೆ ಎಂದೆ. ಕಾಲು ನೆಲದ ಮೇಲೇ ಇತ್ತು. ಫ್ಯಾನಿನಲ್ಲಿ ಸಿಕ್ಕಿಕೊಂಡಿದ್ದವರೂ ಬಗ್ಗಿ ನೋಡಿದರು. ಅದು ಹೊಗಳಿಕೆಯಲ್ಲ, ಇರುವ ವಿಷಯ, ಯಾರು ಬೇಕಾದರೂ ರಿಜಿಸ್ಟರು ತೆಗೆದು ನೋಡಬಹುದು ಎಂದು ನಾನೇ ಮೇಲೆ ಬಿದ್ದು ವಿವರಣೆ ಕೊಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಯಿತು ನನ್ನ ಕತೆ. ಇನ್ನು ಅವರು ನನ್ನನ್ನು ಹೊಗಳಬೇಕು. ಉಂಡೆಯನ್ನು ಎಷ್ಟೋ ಹೊತ್ತು ಕೈಯಲ್ಲಿ ತಿರುಗಿಸಿದರು, ಬಾಯಿ ತೆರೆದರು, ಮುಚ್ಚಿದರು, ಕಡೆಗೆ ಎದ್ದು ಬಂದು ನನ್ನ ಮಡಿಲಲ್ಲಿ ಉಂಡೆಯಿಟ್ಟು ವಾಪಸು ಹೋಗಿ ಕೂತರು. ಹೇಳೋದಕ್ಕೆ ಒಂದೂ ಸಿಗಲಿಲ್ಲವೇನೋ ಎಂದು ಪುಟ್ಟಸ್ವಾಮಿ ಮೇಲಿನಿಂದ ನಕ್ಕ. ಅವತ್ತು ಮಧ್ಯಾಹ್ನ ಅವರು ಕಿಟಕಿಯ ತಂಟೆಗೆ ಹೋಗಲಿಲ್ಲ, ಕಡಲೆಕಾಯಿಯನ್ನೂ ತಂದಿರಲಿಲ್ಲ. ನನಗೆ ಕೆಲಸ ಸಾಗಲಿಲ್ಲ.

ಮೂರನೆಯ ದಿನವೇ ಪರೀಕ್ಷೆ. ಸಭಾಂಗಣದ ನಡುವೆ ಎದುರುಬದುರು ಎರಡು ಕುರ್ಚಿ. ಚೀಟಿಯಲ್ಲಿ ಒಂದು ಪಾತ್ರ ಬರೆದಿರುತ್ತದೆ, ಸಹಾಯ ಬೇಡಿ ನಮ್ಮ ಬಳಿಗೆ ಬರುವ ಯಾರೋ ಒಬ್ಬರದು. ಅವರಾಗಿ ಐದು ನಿಮಿಷ ಮಾತಾಡಬೇಕು, ಆಗಲೇ ಅವರ ಸಂಕಟ ನಮಗೆ ಗೊತ್ತಾಗುವುದು. ಪಾತ್ರ ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಬಾರದು, ಎದ್ದವರಿಗೆ ಪ್ರಮಾಣಪತ್ರವಿಲ್ಲ. ಇದು ಪುಸ್ತಕದಲ್ಲಿ ಅಚ್ಚಾದ ನಿಯಮ. ನಮ್ಮೂರಿಗೆ ಇದು ಆಗಿಬರುವುದಿಲ್ಲ, ಹಗ್ಗವಾದರೂ ಕಟ್ಟಿಕೊಳ್ಳುತ್ತೇವೆ ಎಂದು ಚನ್ನವೀರಪ್ಪನವರು ಕೇಳಿಕೊಂಡರು. ಹಗ್ಗ ಕಟ್ಟಿದರೆ ಭಾವನೆಗೆ ಅಡ್ಡಿ ಎಂದು ಮೇಡಂ ಒಪ್ಪಲಿಲ್ಲ. ಹಾಗೆಂದ ಅವರೇ ತಮ್ಮ ಸೆರಗಿನ ತುದಿಯನ್ನು ಮೇಜಿನ ಕಾಲಿಗೆ ಗಂಟು ಹಾಕಿಕೊಂಡಿದ್ದರು, ಎಲ್ಲರೂ ಚೆನ್ನಾಗಿ ಮಾಡಿದಿರಿ ಎಂದು ಹೇಳಬೇಕಾಗುತ್ತದಲ್ಲ.

ಕಷ್ಟ ಬಂದಾಗ ನಮ್ಮವರಿಗೆ ಬುದ್ಧಿ ಓಡುತ್ತದೆ. ಚೀಟಿ ಎತ್ತುವುದು ಬೇಡ, ಬಿಚ್ಚಿಟ್ಟು ಅವರವರಿಗೆ ಹೊಂದುವುದನ್ನು ಆರಿಸಿಕೊಳ್ಳೋಣ, ಪಾತ್ರವೂ ನಾವೂ ಒಂದೇ ಆಗಿಬಿಟ್ಟರೆ ಸುಳ್ಳೆಲ್ಲಿ ಬಂತು ಎಂದು ಸಾಕಮ್ಮ ಉಪಾಯ ಹೇಳಿದಳು. ಸೊಸೆಯನ್ನು ಗದರುವ ಅತ್ತೆಯ ಚೀಟಿ ಅವಳೇ ತೆಗೆದುಕೊಂಡಳು. ಐದು ನಿಮಿಷ ಕುರ್ಚಿ ಅಲ್ಲಾಡಿತೇ ಹೊರತು ಅವಳು ಮೇಲೇಳಲಿಲ್ಲ. ಕೆಲಸ ಮುಂದೂಡಿ ಜನರಿಂದ ಬೈಸಿಕೊಳ್ಳುವ ಅಧಿಕಾರಿಯಾಗಿ ಚನ್ನವೀರಪ್ಪನವರು ಬಂಡೆಯ ಹಾಗೆ ಕೂತಿದ್ದರು. ಮನೆಯಲ್ಲಿ ಮಾತು ನಡೆಯದ ಗಂಡನಾಗಿ ಪುಟ್ಟಸ್ವಾಮಿ ಎಷ್ಟು ಅತ್ತನೆಂದರೆ ಐದು ನಿಮಿಷ ಕಳೆದ ಮೇಲೂ ಅವನನ್ನು ಕುರ್ಚಿಯಿಂದ ಎಬ್ಬಿಸುವುದೇ ಕಷ್ಟವಾಯಿತು. ಮೂವರಿಗೂ ಪ್ರಮಾಣಪತ್ರ ಬಂತು.

ಉಳಿದದ್ದು ಒಂದೇ ಚೀಟಿ. ಒಬ್ಬರ ಮುಖ ಒಬ್ಬರಿಗಾಗದೆ ಬೇರೆಯಾಗಲು ಬಂದ ಗಂಡ ಹೆಂಡತಿ. ಎಲ್ಲರೂ ನಮ್ಮಿಬ್ಬರನ್ನು ನೋಡಿ ನೆಮ್ಮದಿಯ ಉಸಿರು ಬಿಟ್ಟರು. ಇವರಿಗೆಂದೇ ಬರೆದ ಹಾಗಿದೆ, ಐದು ನಿಮಿಷ ಯಾಕೆ, ಐದು ದಿನ ಕೂತರೂ ಇವರು ಅಲ್ಲಾಡುವುದಿಲ್ಲ ಎಂದು ಚನ್ನವೀರಪ್ಪನವರು ಮೇಡಂಗೆ ಭರವಸೆ ಕೊಟ್ಟರು. ನೆಲದ ಮೇಲೆ ನಿಂತೇ ಕೊಟ್ಟರು, ಪಾಪ, ಹಾಗೆಂದೇ ನಂಬಿದ್ದರು. ಮೇಜಿನ ಮೇಲೆ ನನ್ನ ಆದೇಶ ಇತ್ತು, ಅದರ ಮೇಲೆ ಗಾಳಿಗೆ ಹಾರದಂತೆ ಜೇಡಿಮಣ್ಣಿನ ಒಂದು ಉಂಡೆ. ಐದು ನಿಮಿಷ ಕೂತರೆ ಅದು ನನ್ನದು, ನಾಳಿದ್ದು ನಾನು ಎರಡು ನದಿಯಾಚೆ.

ಎದುರುಬದುರು ಕೂತೆವು. ಹದಿನಾಲ್ಕು ವರ್ಷ ಪಕ್ಕದಲ್ಲಿ ಕೂತವರು, ಎದುರಿಗೆ ಅವರನ್ನು ಸರಿಯಾಗಿ ನೋಡಿದ್ದು ಅವತ್ತೇ. ಹಣೆಯ ಹತ್ತಿರ ನಾಲ್ಕು ಬಿಳಿ ಕೂದಲಿದ್ದವು. ಮೇಡಂ ಗಡಿಯಾರ ನೋಡಿ ಕೈಯೆತ್ತಿದರು.

ವನಜಾಕ್ಷಿಯವರು ಕುರ್ಚಿಯ ಹಿಡಿಯನ್ನು ಬಿಗಿಹಿಡಿದು ಶುರುಮಾಡಿದರು. "ನಿಮ್ಮ ಸೀನು ಕೇಳಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ." ಕುರ್ಚಿಯಲ್ಲೇ ಇದ್ದರು. ಸಾಕಮ್ಮ ತಲೆದೂಗಿದಳು. "ನೀವು ಎಲ್ಲಿಗೆ ಬೇಕಾದ್ರೂ ಹೋಗಿ. ನನಗೇನೂ ಅನ್ನಿಸೋದಿಲ್ಲ."

ಹೋದರು. ಹದಿನಾಲ್ಕು ವರ್ಷ ಅಂಗಾಲಿಗೆ ನೆಲ ಅಂಟಿಸಿಕೊಂಡಿದ್ದ ಹೆಂಗಸು ನೆಟ್ಟಗೆ ತೊಲೆಯವರೆಗೆ ಹೋದರು. ಒಂದು ಚಪ್ಪಲಿ ಕಳಚಿ ಚನ್ನವೀರಪ್ಪನವರ ತಲೆಯ ಮೇಲೆ ಬಿತ್ತು, ಅವರಿಗೆ ಅದರ ಅರಿವೇ ಇರಲಿಲ್ಲ. ಇಡೀ ಸಭಾಂಗಣ ಬಾಯಿ ತೆರೆದು ಮೇಲೆ ನೋಡಿತು, ಆಮೇಲೆ ನನ್ನನ್ನು ನೋಡಿತು. ನನ್ನ ಸರದಿ. ಆದೇಶ ಅಲ್ಲೇ ಇತ್ತು, ನಾನು ಕುರ್ಚಿಯ ಕಾಲಿಗೆ ಎರಡೂ ಪಾದ ಸುತ್ತಿಕೊಂಡು, ಕಣ್ಣು ಮುಚ್ಚಿ ಹೇಳಿದೆ. "ಹೋಗ್ತೀನಿ. ನೀವಿಲ್ಲದಿದ್ರೆ ನಾನು ಆರಾಮಾಗಿರ್ತೀನಿ."

ಕಣ್ಣು ಬಿಟ್ಟಾಗ ಎದುರಿಗೆ ಜೇಡರ ಬಲೆ, ನಿನ್ನೆಯ ಹಳದಿ ದಾರದ ತುಂಡು, ಅದರಾಚೆ ವನಜಾಕ್ಷಿಯವರ ಮುಖ ಇತ್ತು. ಮುನಿಯಮ್ಮ ಧೂಳು ಹೊಡೆಯುವ ಉದ್ದ ಕೋಲು ತಂದು ನಮ್ಮನ್ನು ಎಳೆದಳು, ಬಿಟ್ಟ ತಕ್ಷಣ ಮತ್ತೆ ಏರಿದೆವು. ಏನಾದರೂ ನಿಜ ಹೇಳಿ ಎಂದು ಕೆಳಗಿನಿಂದ ಎಲ್ಲರೂ ಕೂಗಿದರು. ಇವತ್ತು ಬುಧವಾರ ಎಂದೆ. ಬುಧವಾರವೇ, ಆದರೆ ಆ ನಿಜ ಯಾತಕ್ಕೂ ಬರಲಿಲ್ಲ, ಏರಿಸಿದ ಸುಳ್ಳಿನ ನಿಜವೇ ಬೇಕು. ವನಜಾಕ್ಷಿಯವರು ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತೊಲೆಗೆ ತಲೆಯೊರಗಿಸಿದ್ದರು. ಕಣ್ಣಲ್ಲಿ ನೀರಿತ್ತು. ಜಗಳದಲ್ಲಿ ಸೋತರೂ ಅಳದ ಹೆಂಗಸು. ನನಗೆ ಆದೇಶ, ನದಿ, ಪ್ರಮಾಣಪತ್ರ ಎಲ್ಲ ಮರೆತುಹೋಯಿತು.

ನೀವು ರಜೆ ಹಾಕಿದ ದಿನ ಕಿಟಕಿಯನ್ನು ನಾನೇ ತೆಗೆದಿಡುತ್ತೇನೆ ಎಂದು ಹೇಳಿದೆ. ಒಂದು ಮೊಳ ಇಳಿದೆ. ಅವರು ನಾನು ಇಳಿದದ್ದನ್ನು ನೋಡಿದರು, ನೆರಿಗೆ ಬಿಟ್ಟರು, ಮೂಗು ಒರೆಸಿಕೊಂಡರು.

"ನಿಮ್ಮ ಹನ್ನೊಂದು ಅರ್ಜೀನೂ ನಾನು ಕಳಿಸಲೇ ಇಲ್ಲ ಸಿದ್ದಯ್ಯನವರೇ. ನನ್ನ ಬೀರುವಿನಲ್ಲಿ ಬೆಲ್ಲದ ಡಬ್ಬಿ ಕೆಳಗಿವೆ. ನೀವು ಹೊರಟುಹೋಗ್ತೀರಿ ಅಂತ ಕಳಿಸ್ಲಿಲ್ಲ."

ಇಷ್ಟು ಹೇಳಿದ್ದೇ ಅವರು ದೊಪ್ಪನೆ ಇಳಿದು ಸರಿಯಾಗಿ ತಮ್ಮ ಕುರ್ಚಿಯಲ್ಲೇ ಕೂತರು. ಸರ್ಕಾರಿ ಟಪಾಲು ತಡೆದದ್ದು ದೊಡ್ಡ ಅಪರಾಧ. ಚನ್ನವೀರಪ್ಪನವರು ಚಪ್ಪಲಿಯನ್ನು ತಲೆಯ ಮೇಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ವನಜಾಕ್ಷಿಯವರು ಯಾರನ್ನೂ ನೋಡದೆ, ನೆಲ ನೋಡುತ್ತ, ಬೈಯುವುದಿದ್ದರೆ ಅಲ್ಲಿಂದಲೇ ಬೈಯಿರಿ ಎಂದು ನನಗೆ ಹೇಳಿದರು.

ನಾನೊಬ್ಬನೇ ಮೇಲೆ. ಈ ಕತೆಯ ಶುರುವಿನಲ್ಲಿ ಇಲಾಖೆ ನಿದ್ದೆ ಮಾಡುತ್ತಿದೆ ಎಂದು ನಂಬಿದ್ದೆ ಅಂತ ಬರೆದಿದ್ದೇನಲ್ಲ, ಅದು ಕಾಗದದ ಮೇಲೆ ಬರೆದದ್ದು. ಕಾಗದದ ಬಗ್ಗೆ ಮೊದಲೇ ಹೇಳಿದ್ದೇನೆ. ಬಾಯಲ್ಲಿ ಹೇಳಬೇಕಾಗಿ ಬಂದಾಗ ಹೀಗೆ ಹೇಳಿದೆ.

"ಗೊತ್ತಿತ್ತು ವನಜಾಕ್ಷಿಯವರೇ. ಮೂರನೇ ಅರ್ಜಿ ಕೊಡೋ ಹೊತ್ತಿಗೆ ಮೊದಲಿನ ಎರಡೂ ನಿಮ್ಮ ಬೀರುವಿನಲ್ಲಿ ನೋಡಿದ್ದೆ. ಅಂಚೆ ಡಬ್ಬ ನಮ್ಮ ಕಚೇರಿ ಎದುರಿಗೇ ಇದೆ. ಅದಕ್ಕೆ ಹಾಕಲಿಲ್ಲ, ನಿಮ್ಮ ಕೈಗೇ ಕೊಟ್ಟೆ."

ನಾನು ಬಿದ್ದ ರಭಸಕ್ಕೆ ಕುರ್ಚಿಯ ಒಂದು ಕಾಲು ಮುರಿಯಿತು. ಸಾಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲರನ್ನೂ ಗದರಿದಳು. ಪುಟ್ಟಸ್ವಾಮಿ ಮತ್ತೆ ಅಳಲು ಶುರುಮಾಡಿದ. ಚನ್ನವೀರಪ್ಪನವರು ಆ ಹನ್ನೊಂದು ಅರ್ಜಿಗಳ ಬಗ್ಗೆ ತಕ್ಕ ಸಮಯದಲ್ಲಿ ಪರಿಶೀಲಿಸುತ್ತೇನೆ ಎಂದರು. ಅಂದರೆ ಈ ಜನ್ಮದಲ್ಲಿ ಇಲ್ಲ ಎಂದು ಎಲ್ಲರಿಗೂ ಗೊತ್ತಾಯಿತು, ಅವರ ಕಾಲು ಒಂದು ಬೆರಳಿನಷ್ಟು ಎದ್ದಿತ್ತು.

ಮೇಡಂ ತಮ್ಮ ಪುಸ್ತಕವನ್ನು ಬಹಳ ಹೊತ್ತು ನೋಡಿದರು. ಮೂವತ್ತು ವರ್ಷದಲ್ಲಿ ಇಂಥದ್ದನ್ನು ನೋಡಿಲ್ಲ ಎಂದರು, ಮೇಜಿಗೆ ಕಟ್ಟಿದ ಸೆರಗು ಬಿಗಿಯಲೇ ಇಲ್ಲ. ಆದರೆ ನಿಯಮ ನಿಯಮವೇ, ಇಬ್ಬರೂ ಕುರ್ಚಿ ಬಿಟ್ಟು ಎದ್ದಿದ್ದೀರಿ, ಹಾಗಾಗಿ ನಿಮಗೆ ಪ್ರಮಾಣಪತ್ರ ಕೊಡಲು ಬರುವುದಿಲ್ಲ, ಪ್ರಮಾಣಪತ್ರ ಇಲ್ಲದವರಿಗೆ ಆದೇಶವೂ ಇಲ್ಲ ಎಂದು ಹೇಳಿ, ಜೇಡಿಮಣ್ಣಿನ ಉಂಡೆ ಎತ್ತಿ, ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.

ದೂರದಿಂದ ಬಂದ ಹೆಂಗಸು ಅಷ್ಟು ಕಷ್ಟಪಟ್ಟಿದ್ದಾರೆ, ನಾವು ಫೇಲಾಗಿದ್ದೇವೆ, ಒಂದು ಮಾತಾದರೂ ಹೇಳಬೇಡವೇ. ನಾನು ಎದ್ದು ನಿಂತು ಕೈಮುಗಿದೆ. "ಬಹಳ ಬೇಜಾರಾಯ್ತು ಮೇಡಂ."

ಚೌಕಟ್ಟು ಹಿಡಿದುಕೊಳ್ಳುವುದು ಮರೆತಿತ್ತು. ತೊಲೆಯ ಕಡೆಗೆ ಹೊರಟಿದ್ದೆ, ಅಷ್ಟರಲ್ಲಿ ವನಜಾಕ್ಷಿಯವರು ತಲೆಯೆತ್ತದೆ ನನ್ನ ಅಂಗಿಯ ಚುಂಗು ಹಿಡಿದು ಕೆಳಗೆಳೆದು, ಸಾಕು ಕೂತ್ಕೊಳ್ಳಿ ಎಂದರು. ಮುನಿಯಮ್ಮ ಎಲ್ಲರಿಗೂ ಕಾಫಿ ತಂದು ಕೊಟ್ಟಳು. ವನಜಾಕ್ಷಿಯವರು ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು, ಬಲಗೈ ಅಂಗಿಯ ಚುಂಗನ್ನು ಬಿಟ್ಟಿರಲಿಲ್ಲ.